ಪರಮವೀರ ಚಕ್ರಕ್ಕೆ ರೂಪ ಕೊಟ್ಟ ಸಾವಿತ್ರಿಬಾಯಿ ಖಾನೋಲ್ಕರ್

ಗಣರಾಜ್ಯೋತ್ಸವ ಬಂತೆಂದರೆ ದೇಶದ ಅತ್ಯುನ್ನತ ಯುದ್ಧಶೌರ್ಯ ಪದಕವಾದ ಪರಮವೀರ ಚಕ್ರದ ನೆನಪಾಗುತ್ತದೆ. ಅದನ್ನು ಪಡೆದ ವೀರರ ಹೆಸರುಗಳು ಶಾಲಾ ಮಕ್ಕಳಿಗೂ ಗೊತ್ತು. ಆದರೆ ನೇರಳೆ ಪಟ್ಟಿಗೆ ತೂಗುವ ಆ ಪುಟ್ಟ ಕಂಚಿನ ಪದಕಕ್ಕೆ ರೂಪ ಕೊಟ್ಟವರು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿ ಭಾರತೀಯ ಸೇನಾಧಿಕಾರಿಯ ಕೈಹಿಡಿದ ಒಬ್ಬ ಗೃಹಿಣಿ, ಇಬ್ಬರು ಹೆಣ್ಣುಮಕ್ಕಳ ತಾಯಿ ಎಂಬುದು ಹಲವರಿಗೆ ತಿಳಿಯದು. ಅವರೇ ಸಾವಿತ್ರಿಬಾಯಿ ಖಾನೋಲ್ಕರ್.

1913ರ ಜುಲೈ 20ರಂದು ಸ್ವಿಟ್ಸರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಜನಿಸಿದ ಅವರ ಹುಟ್ಟುಹೆಸರು ಈವ್ ಇವೋನ್ ಮಡೇ ಡಿ ಮರೋಸ್. ತಂದೆ ಹಂಗೇರಿ ಮೂಲದ ಸಮಾಜಶಾಸ್ತ್ರ ಪ್ರಾಧ್ಯಾಪಕರು, ತಾಯಿ ರಷ್ಯಾ ಮೂಲದವರು. ಪುಸ್ತಕಗಳ ನಡುವೆ ಬೆಳೆದ ಹುಡುಗಿಗೆ ಭಾರತದ ಧರ್ಮ, ಪುರಾಣಗಳ ಮೇಲೆ ಎಳವೆಯಲ್ಲೇ ಒಲವು ಮೂಡಿತ್ತು. 1929ರಲ್ಲಿ, ಹದಿಹರೆಯದಲ್ಲಿದ್ದಾಗ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ಸೈನಿಕ ತರಬೇತಿ ಪಡೆಯುತ್ತಿದ್ದ ವಿಕ್ರಮ್ ಖಾನೋಲ್ಕರ್ ಎಂಬ ಮರಾಠಿ ತರುಣನ ಪರಿಚಯವಾಯಿತು. ತಂದೆಯ ವಿರೋಧವಿದ್ದರೂ ಆಕೆ ಮನಸ್ಸು ಬದಲಿಸಲಿಲ್ಲ. ಕೆಲವು ವರ್ಷಗಳ ನಂತರ ಭಾರತಕ್ಕೆ ಬಂದು 1932ರಲ್ಲಿ ಲಖನೌದಲ್ಲಿ ಅವರನ್ನು ವಿವಾಹವಾಗಿ, ಸಾವಿತ್ರಿಬಾಯಿ ಎಂಬ ಹೆಸರನ್ನು ತಮ್ಮದಾಗಿಸಿಕೊಂಡರು.

ಸೈನಿಕನ ಸಂಸಾರವೆಂದರೆ ವರ್ಗಾವಣೆಯ ಸಂಸಾರ. ಒಂದೂರಿನಲ್ಲಿ ಮನೆ ಹೂಡಿ ನೆರೆಹೊರೆ ಪರಿಚಯವಾಗುವಷ್ಟರಲ್ಲಿ ಮತ್ತೊಂದೂರಿಗೆ ಗಂಟುಮೂಟೆ ಕಟ್ಟಬೇಕು. ಹುಟ್ಟಿದ ದೇಶವನ್ನೇ ಬಿಟ್ಟು ಬಂದ ಸಾವಿತ್ರಿಬಾಯಿ ಈ ಅಲೆದಾಟವನ್ನು ಕಲಿಕೆಯ ಅವಕಾಶವಾಗಿ ಮಾಡಿಕೊಂಡರು. ಸರಳವಾದ ಹತ್ತಿ ಸೀರೆ ಉಟ್ಟರು, ಸಸ್ಯಾಹಾರ ಅಭ್ಯಾಸ ಮಾಡಿಕೊಂಡರು. ಮರಾಠಿ, ಹಿಂದಿ, ಸಂಸ್ಕೃತ ಭಾಷೆಗಳನ್ನು ಶ್ರದ್ಧೆಯಿಂದ ಕಲಿತರು. ಪತಿಗೆ ಪಟನಾಕ್ಕೆ ವರ್ಗವಾದಾಗ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿ ಸಂಸ್ಕೃತ, ವೇದಾಂತ, ಉಪನಿಷತ್ತುಗಳನ್ನು ಅಭ್ಯಸಿಸಿದರು. ಮುಂದೆ ಮಹಾರಾಷ್ಟ್ರದ ಸಂತರ ಕುರಿತು ಗ್ರಂಥವನ್ನೂ ಬರೆದರು. ತಮ್ಮನ್ನು ಯಾರಾದರೂ ವಿದೇಶಿ ಎಂದರೆ ಅವರಿಗೆ ಹಿಡಿಸುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ, ಬ್ರಿಟಿಷರ ಕಾಲದ ವಿಕ್ಟೋರಿಯಾ ಕ್ರಾಸ್‌ನಂತಹ ಗೌರವಗಳಿಗೆ ಬದಲಾಗಿ ನಮ್ಮದೇ ಪದಕಗಳು ಬೇಕಾದವು. ಆ ಹೊಣೆ ಹೊತ್ತಿದ್ದ ಮೇಜರ್ ಜನರಲ್ ಹೀರಾಲಾಲ್ ಅಟಲ್ ಅವರು ಸಾವಿತ್ರಿಬಾಯಿಯವರ ಪುರಾಣಜ್ಞಾನ ಮತ್ತು ಚಿತ್ರಕಲೆಯ ಪರಿಣತಿಯನ್ನು ಬಲ್ಲವರಾಗಿದ್ದು, ವಿನ್ಯಾಸದ ಕಾರ್ಯವನ್ನು ಅವರಿಗೇ ವಹಿಸಿದರು. ಸಾವಿತ್ರಿಬಾಯಿಯವರಿಗೆ ಹೊಳೆದದ್ದು ದಧೀಚಿ ಮಹರ್ಷಿಯ ಕಥೆ. ವೃತ್ರಾಸುರನ ವಧೆಗೆ ಆಯುಧ ಬೇಕೆಂದು ದೇವತೆಗಳು ಮೊರೆಯಿಟ್ಟಾಗ ದೇಹವನ್ನೇ ತೊರೆದು ಎಲುಬುಗಳನ್ನು ದಾನ ಮಾಡಿದ ಋಷಿ ಅವರು. ಆ ಎಲುಬಿನಿಂದಾದ ಇಂದ್ರನ ವಜ್ರಾಯುಧವೇ ಪದಕದ ಮೇಲೆ ನಾಲ್ಕು ಬಾರಿ ಮೂಡಿತು. ನಡುವೆ ರಾಷ್ಟ್ರಲಾಂಛನ ನಿಂತಿತು. ಸುಮಾರು ಮೂರೂವರೆ ಸೆಂಟಿಮೀಟರ್ ಅಗಲದ ಈ ಪದಕದಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಮಹಾವೀರ ಚಕ್ರ, ವೀರ ಚಕ್ರಗಳ ವಿನ್ಯಾಸವೂ ಅವರದೇ.

1950ರ ಜನವರಿ 26ರಂದು ಪರಮವೀರ ಚಕ್ರ ಜಾರಿಗೆ ಬಂದಿತು. 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ನಿಯಮವಿತ್ತು. ಮೊದಲ ಪದಕ ಸಂದದ್ದು 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಮ್‌ನಲ್ಲಿ ವೀರಮರಣ ಹೊಂದಿದ ಮೇಜರ್ ಸೋಮನಾಥ ಶರ್ಮಾ ಅವರಿಗೆ. ಸಾವಿತ್ರಿಬಾಯಿಯವರ ಹಿರಿಯ ಮಗಳ ಪತಿ ಇದೇ ಸೋಮನಾಥರ ಸಹೋದರರೆಂಬುದು ಉಲ್ಲೇಖನೀಯ. ತಾಯಿ ರೂಪಿಸಿದ ಪದಕ ಮಗಳ ಗಂಡನ ಮನೆಯ ಶೋಕಕ್ಕೇ ಸೇರಿದ್ದು ಎಂಥ ವಿಧಿ! ಇದುವರೆಗೆ ಈ ಗೌರವ ಪಡೆದ 21 ಮಂದಿಯಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿಯೇ ಬಂದಿದೆ. ಅವರಲ್ಲೊಬ್ಬರು, ಬೆಂಗಳೂರಿನ ಕಿಂಗ್ ಜಾರ್ಜ್ ಸೈನಿಕ ಶಾಲೆಯಲ್ಲಿ ಓದಿ 1961ರಲ್ಲಿ ಕಾಂಗೋದಲ್ಲಿ ಪ್ರಾಣ ತೆತ್ತ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ. ಹೀಗೆ ಈ ಪದಕಕ್ಕೆ ಹೆಚ್ಚಾಗಿ ಕೈಯೊಡ್ಡಿದವರು ವೀರರಲ್ಲ, ಅವರನ್ನು ಕಳೆದುಕೊಂಡ ಮನೆಯವರು. ಗಂಡನನ್ನು ಸೇನೆಗೆ ಕಳುಹಿಸಿ ಬಾಗಿಲು ಕಾಯುವುದೇನೆಂದು ಬಲ್ಲ ಹೆಣ್ಣೇ ಅದನ್ನು ರೂಪಿಸಿದ್ದು ಉಚಿತವೇ ಆಗಿತ್ತು.

1952ರಲ್ಲಿ, ಮೇಜರ್ ಜನರಲ್ ಹುದ್ದೆಗೇರಿದ್ದ ಪತಿ ವಿಕ್ರಮ್ ಖಾನೋಲ್ಕರ್ ನಿಧನರಾದರು. ಆಗ ಸಾವಿತ್ರಿಬಾಯಿಯವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅವರನ್ನು ಈ ನೆಲಕ್ಕೆ ಕರೆತಂದ ಕೈಯೇ ಇಲ್ಲವಾಗಿತ್ತು. ಆದರೂ ಅವರು ಇಲ್ಲಿಯೇ ಉಳಿದರು. ರಾಮಕೃಷ್ಣ ಮಠದ ಆಶ್ರಯದಲ್ಲಿ ಅಧ್ಯಾತ್ಮದತ್ತ ಮನಸ್ಸು ಹೊರಳಿಸಿದರು. ದೇಶ ವಿಭಜನೆಯಿಂದ ಮನೆಮಾರು ಕಳೆದುಕೊಂಡವರಿಗೂ ಸೈನಿಕರ ಕುಟುಂಬಗಳಿಗೂ ಅವರು ಮಾಡಿದ ಸೇವೆ ಸ್ಮರಣೀಯ. 1990ರ ನವೆಂಬರಿನಲ್ಲಿ, 77ನೇ ವಯಸ್ಸಿನಲ್ಲಿ ಅವರು ಇಹಲೋಕ ತ್ಯಜಿಸಿದರು.

ನೌಕರಿ, ವರ್ಗಾವಣೆಗಳ ನಿಮಿತ್ತ ಊರು ಬಿಟ್ಟು ಬಂದ ಹೊರನಾಡ ಕನ್ನಡಿಗರಿಗೆ ಈ ಬದುಕು ದೂರದ್ದಲ್ಲ. ನಡುಮನೆಯಲ್ಲಿ ತಾಯ್ನುಡಿ, ಹೊರಗೆ ನೆಲದ ನುಡಿ ಎಂದು ಬಾಳುವವರಿಗೆ ಹೊಸ ಊರು ಪರವೂರಾಗಿ ಉಳಿಯುವುದು ಯಾವಾಗ, ತವರಾಗುವುದು ಯಾವಾಗ ಎಂಬುದು ಚೆನ್ನಾಗಿ ಗೊತ್ತು. ಬಂದ ನೆಲದ ಮಾತು ಕಲಿತು, ಅದರ ಸುಖದುಃಖಕ್ಕೆ ಹೆಗಲಾಗಿ, ಕೊನೆಗೆ ಆ ನೆಲಕ್ಕೇ ಏನನ್ನಾದರೂ ಕೊಟ್ಟು ಹೋದವರನ್ನು ಹೊರಗಿನವರೆಂದು ಕರೆಯಲಾಗದು. ಸಾವಿತ್ರಿಬಾಯಿ ಕೊಟ್ಟದ್ದು ಅಂಗೈಯಗಲದಷ್ಟೂ ಇಲ್ಲದ ಕಂಚಿನ ತುಣುಕು. ಆದರೆ ಅದರ ಮುಂದೆ ಇಡೀ ದೇಶ ತಲೆಬಾಗುತ್ತದೆ.