ವ್ಯಾಸಲೀನ್ ಕೊಟ್ಟ ಚೀಸ್‌ಬ್ರೋ

ಮಕ್ಕಳೇ, ಚಳಿಗಾಲದಲ್ಲಿ ನಮ್ಮ ಜತ್ತ ತಾಲೂಕಿನಲ್ಲಿ ಒಣ ಗಾಳಿ ಬೀಸುತ್ತದೆ. ತುಟಿ ಒಡೆಯುತ್ತವೆ, ಹಿಮ್ಮಡಿ ಬಿರಿಯುತ್ತವೆ. ಆಗ ಮನೆಯಲ್ಲಿ ವ್ಯಾಸಲೀನಿನ ಡಬ್ಬಿ ಹುಡುಕುತ್ತೇವೆ. ತೊಟ್ಟಿಲ ಕೂಸಿಗೆ ಅದು ಯಾವ ಕಾಲಕ್ಕೂ ಬೇಕಾಗುತ್ತದೆ. ಒದ್ದೆ ಲಂಗೋಟಿಯಿಂದ ಕೂಸಿನ ತೊಡೆಯ ಸಂದು ಕೆಂಪಾಗಿ ಉರಿಯದಿರಲೆಂದು ತಾಯಂದಿರು ಅದನ್ನು ಹಚ್ಚುತ್ತಾರೆ. ಈ ಮುಲಾಮನ್ನು ತಯಾರಿಸಿದವರು ರಾಬರ್ಟ್ ಚೀಸ್‌ಬ್ರೋ.

ಅವರು 1837ರ ಜನವರಿ 9ರಂದು ಲಂಡನ್ನಿನಲ್ಲಿ ಹುಟ್ಟಿದರು. ತಂದೆತಾಯಿ ಅಮೆರಿಕದವರು. ಚೀಸ್‌ಬ್ರೋ ರಸಾಯನಶಾಸ್ತ್ರ ಬಲ್ಲವರು. ನ್ಯೂಯಾರ್ಕಿನಲ್ಲಿ ತಿಮಿಂಗಿಲದ ಎಣ್ಣೆಯಿಂದ ದೀಪದ ಎಣ್ಣೆ ತಯಾರಿಸುತ್ತಿದ್ದರು. 1859ರಲ್ಲಿ ಅಮೆರಿಕದ ಟೈಟಸ್‌ವಿಲ್ ಎಂಬ ಊರಿನಲ್ಲಿ ನೆಲ ಕೊರೆದಾಗ ಕಲ್ಲೆಣ್ಣೆ ಸಿಕ್ಕಿತು. ಅದರಿಂದ ಅಗ್ಗದ ಸೀಮೆಎಣ್ಣೆ ಬರತೊಡಗಿತು. ಇನ್ನು ತಿಮಿಂಗಿಲದ ಎಣ್ಣೆಯನ್ನು ಕೇಳುವವರು ಯಾರು? 22 ವರ್ಷದ ತರುಣನ ಹೊಟ್ಟೆಪಾಡಿಗೇ ಕುತ್ತು ಬಂತು. ಆದರೆ ಅವರು ಕೈಕಟ್ಟಿ ಕೂಡಲಿಲ್ಲ. ಹೊಸ ಎಣ್ಣೆಯನ್ನು ಕಣ್ಣಾರೆ ನೋಡಲು ಟೈಟಸ್‌ವಿಲ್‌ಗೆ ಹೊರಟರು.

ಅಲ್ಲಿ ಎಣ್ಣೆ ಎತ್ತುವ ಪಂಪಿನ ಸರಳುಗಳಿಗೆ ಮೇಣದಂಥ ಕಪ್ಪು ಜಿಗುಟು ಅಂಟಿಕೊಳ್ಳುತ್ತಿತ್ತು. ಅದರಿಂದ ಯಂತ್ರ ಕೆಟ್ಟು ನಿಲ್ಲುತ್ತಿತ್ತು. ಕೂಲಿಗಳಿಗೆ ಅದನ್ನು ಕೆರೆದು ತೆಗೆಯುವುದೇ ಒಂದು ಕಾಟ. ಆದರೂ ಕೈ ಸುಟ್ಟರೆ, ಬೆರಳು ಕೊಯ್ದರೆ ಅವರು ಅದೇ ಜಿಗುಟನ್ನು ಹಚ್ಚಿಕೊಳ್ಳುತ್ತಿದ್ದರು. ಇದನ್ನು ಚೀಸ್‌ಬ್ರೋ ಗಮನಿಸಿದರು. ಜಿಗುಟನ್ನು ತಮ್ಮ ಊರಿಗೆ ತಂದರು.

ಅದರ ಕಪ್ಪು ಬಣ್ಣ ತೆಗೆಯುವುದು ಸುಲಭವಾಗಿರಲಿಲ್ಲ. ವರ್ಷಗಟ್ಟಲೆ ದುಡಿದರು. ಎಲುಬಿನ ಇದ್ದಿಲಿನಲ್ಲಿ ಸೋಸಿ ಸೋಸಿ ಕೊನೆಗೆ ತಿಳಿಯಾದ ಜೆಲ್ಲಿಯನ್ನು ಪಡೆದರು. 1870ರಲ್ಲಿ ಬ್ರೂಕ್ಲಿನ್ನಿನಲ್ಲಿ ಕಾರಖಾನೆ ತೆರೆದರು. 1872ರಲ್ಲಿ ವ್ಯಾಸಲೀನ್ ಎಂಬ ಹೆಸರಿನಲ್ಲಿ ಅದರ ಪೇಟೆಂಟ್ ಪಡೆದರು.

ಹೊಸ ಮುಲಾಮನ್ನು ಜನ ನಂಬಬೇಕಲ್ಲ! ಚೀಸ್‌ಬ್ರೋ ಬೆಂಕಿಯಿಂದ, ಆಮ್ಲದಿಂದ ತಮ್ಮ ಚರ್ಮವನ್ನೇ ಸುಟ್ಟುಕೊಂಡು ಜೆಲ್ಲಿ ಹಚ್ಚಿದರು. ಮಾಯ್ದ ಹಳೆಯ ಗಾಯಗಳನ್ನು ಜನರಿಗೆ ತೋರಿಸಿದರು. ನಾವು ಮಾತ್ರ ಹೀಗೆ ಮಾಡಬಾರದು. ಕುದುರೆಗಾಡಿಯಲ್ಲಿ ಊರೂರು ತಿರುಗಿ ಡಬ್ಬಿಗಳನ್ನು ಪುಕ್ಕಟೆ ಹಂಚಿದರು. ಹಚ್ಚಿ ನೋಡಿದವರು ಅಂಗಡಿಗಳಲ್ಲಿ ಅದನ್ನೇ ಕೇಳತೊಡಗಿದರು.

ನಿಜವಾಗಿ ಜೆಲ್ಲಿ ಗಾಯವನ್ನು ಮಾಯಿಸುವುದಿಲ್ಲ. ಚರ್ಮ ತಾನೇ ಮಾಯುತ್ತದೆ. ಜೆಲ್ಲಿಯದು ಕಾವಲು ಕೆಲಸ. ಅದು ಚರ್ಮದ ಮೇಲೆ ತೆಳುವಾದ ಪದರಾಗಿ ನಿಲ್ಲುತ್ತದೆ. ಚರ್ಮದೊಳಗಿನ ತೇವ ಆರಿಹೋಗದಂತೆ ತಡೆಯುತ್ತದೆ. ಅದಕ್ಕೇ ಒಡೆದ ತುಟಿಗೆ ಹಿತವಾಗುತ್ತದೆ. ಹೊರಗಿನ ನೀರನ್ನೂ ಅದು ಒಳಗೆ ಬಿಡದು. ಕೂಸಿನ ಮೈ ತೊಳೆದು, ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಹಚ್ಚಿದರೆ ಮೂತ್ರದ ಒದ್ದೆ ಚರ್ಮಕ್ಕೆ ತಾಗುವುದಿಲ್ಲ.

ಚೀಸ್‌ಬ್ರೋ ಅವರಿಗೆ ತಮ್ಮ ಜೆಲ್ಲಿಯ ಮೇಲೆ ಎಲ್ಲಿಲ್ಲದ ನಂಬಿಕೆ. ದಿನವೂ ಒಂದು ಚಮಚ ತಿನ್ನುತ್ತಿದ್ದರೆಂದು ಹೇಳುತ್ತಾರೆ. ಅದು ಅವರ ಹುಚ್ಚು. ವ್ಯಾಸಲೀನ್ ಹಚ್ಚುವ ವಸ್ತು, ತಿನ್ನುವುದಲ್ಲ. ಚೀಸ್‌ಬ್ರೋ 1933ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ಆಗ ಅವರಿಗೆ 96 ವರ್ಷ.