ಲೂಥರ್ ಬರ್ಬ್ಯಾಂಕನೆಂಬ ತೋಟಗಾರನ ಚರಿತ್ರೆ

ಅಮೇರಿಕದ ಮಸಾಚುಸೆಟ್ಸ್ ಸೀಮೆಯ ಲಂಕಾಸ್ಟರ್ ಎಂಬ ಊರಿನಲ್ಲಿ 1849ನೆಯ ಇಸವಿಯ ಮಾರ್ಚಿ 7ರಂದು ಲೂಥರ್ ಬರ್ಬ್ಯಾಂಕನು ಜನಿಸಿದನು. ಮಕ್ಕಳು ಬಹುಮಂದಿಯಿದ್ದ ಒಕ್ಕಲಿನ ಮನೆ. ಕಾಲೇಜಿನ ವಿದ್ಯೆ ಈತನಿಗೆ ದೊರೆಯಲಿಲ್ಲ. ತಂದೆಯು ತೀರಿಹೋದ ಮೇಲೆ 17 ಎಕರೆ ಭೂಮಿಯನ್ನು ಕೊಂಡು ತರಕಾರಿ ಬೆಳೆಯತೊಡಗಿದನು. ಅಲ್ಲಿ ಒಂದು ಆಲೂಗಡ್ಡೆ ಗಿಡದಲ್ಲಿ ಅಪರೂಪವಾಗಿ ಬಿಟ್ಟ ಕಾಯಿಯಿಂದ 23 ಬೀಜಗಳನ್ನು ತೆಗೆದು ಬಿತ್ತಿ, ಒಳ್ಳೆಯದೊಂದು ತಳಿಯನ್ನು ಪಡೆದು, ಅದರ ಹಕ್ಕನ್ನು 150 ಡಾಲರಿಗೆ ಮಾರಿ, 1875ರಲ್ಲಿ ಕಲಿಫೋರ್ನಿಯದ ಸಾಂತಾ ರೋಸ ಪಟ್ಟಣಕ್ಕೆ ಹೋದನು. ಆ ಗಡ್ಡೆಯ ಸಂತತಿಯನ್ನು ಅಮೇರಿಕದವರು ಇಂದಿಗೂ ಬೆಳೆಯುತ್ತಾರೆ. ಬೆಳೆಸಿದವನಿಗೆ ಬಂದದ್ದು ಅಷ್ಟೇ ಹಣ.

1881ರಲ್ಲಿ ಒಬ್ಬ ವರ್ತಕನು ಒಂದೇ ವರುಷದೊಳಗೆ 20,000 ಪ್ಲಮ್ ಸಸಿಗಳು ಬೇಕೆಂದನು. ಬಾದಾಮಿಯ ಬೀಜವು ಬೇಗನೆ ಮೊಳೆಯುವದೆಂದು ಬಲ್ಲ ಬರ್ಬ್ಯಾಂಕನು ಬಾದಾಮಿಯನ್ನು ಬಿತ್ತಿ, ಎಳೆಯ ಸಸಿಗಳಿಗೆ ಪ್ಲಮ್ಮಿನ ಕಣ್ಣುಗಳನ್ನು ಕಸಿಕಟ್ಟಿ, ಗೊತ್ತಾದ ಕಾಲಕ್ಕೆ 19,500 ಸಸಿಗಳನ್ನು ಒಪ್ಪಿಸಿದನು.

ಪ್ಲಮ್ ಎಂಬದು ಮಾವಿನಂತೆ ಒಳಗೆ ಒಂದೇ ಗೊರಟೆಯುಳ್ಳ ಹಣ್ಣು. ಸುಗ್ಗಿಯಲ್ಲಿ ಎಲ್ಲರ ಮರಗಳೂ ಒಮ್ಮೆಗೇ ಹಣ್ಣಾದರೆ ಬೆಲೆ ಬಿದ್ದುಹೋಗುವದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಬೇಗ ಹಣ್ಣಾಗುವ ಮರವೂ ತಡವಾಗಿ ಹಣ್ಣಾಗುವ ಮರವೂ ಇದ್ದರೆ ಒಕ್ಕಲಿಗನಿಗೆ ತಿಂಗಳುಗಟ್ಟಲೆ ಮಾರಾಟವುಂಟು. 1885ರಲ್ಲಿ ಬರ್ಬ್ಯಾಂಕನು ಜಪಾನಿನಿಂದ 12 ಸಸಿಗಳನ್ನು ತರಿಸಿ, ಅವುಗಳನ್ನು ಅಮೇರಿಕದ ಮತ್ತು ಯೂರೋಪಿನ ಜಾತಿಗಳೊಂದಿಗೆ ಬೆರಸಲಾರಂಭಿಸಿದನು. ಹೂವು ಅರಳುವದಕ್ಕೆ ಮುಂಚೆ ಅದರ ಸ್ವಂತ ಪುಂಕೇಸರಗಳನ್ನು ಕತ್ತರಿಸಿ, ಬೇರೆ ಮರದ ಪರಾಗವನ್ನು ಬೆರಳ ತುದಿಯಿಂದ ಸವರುವನು. ಆ ಹಣ್ಣಿನ ಗೊರಟೆಯಿಂದ ಹುಟ್ಟುವ ಸಸಿಗಳಲ್ಲಿ ಒಂದರಂತೆ ಒಂದಿರದು. ಪ್ರತಿಯೊಂದೂ ತಾನಾಗಿ ಫಲಿಸುವ ತನಕ ಕಾದರೆ ಆಯುಷ್ಯ ಸಾಲದೆಂದು, ಸಸಿಗಳ ಚಿಗುರುಗಳನ್ನು ಬಲಿತ ಮರದ ಕೊಂಬೆಗಳಿಗೆ ಕಸಿಮಾಡುವನು. ಹೀಗೆ ಒಂದೇ ಮರದಲ್ಲಿ ನೂರಾರು ವಿಧದ ಹಣ್ಣುಗಳು ಎರಡು ಮೂರು ವರುಷಗಳಲ್ಲಿ ಕಾಣುವವು. ಆತನು ಸಾಲುಸಾಲಾಗಿ ನಡೆದು, ಕಚ್ಚಿ ರುಚಿನೋಡಿ, ಬೇಕಾದದ್ದಕ್ಕೆ ಗುರುತುಕಟ್ಟುವನು. ಮಿಕ್ಕ ಸಾವಿರಾರು ಸಸಿಗಳು ಬೆಂಕಿಗೆ. ತನ್ನ ಕೈಯಾರೆ ಸಾಕಿದ್ದನ್ನು ಹೀಗೆ ಸುಡುವದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕೋ!

1906ರಲ್ಲಿ ಸಾಂತಾ ರೋಸ ಎಂಬ ಪ್ಲಮ್ ಹೊರಬಂತು. ಅದು ಬೇಸಿಗೆಯ ಮೊದಲಲ್ಲೇ ಹಣ್ಣಾಗುವದು. ಆನೆಯ ಹೃದಯವೆಂಬ ಹೆಸರಿನ ದೊಡ್ಡ ಹಣ್ಣು, ಒಳಗೆಲ್ಲಾ ರಕ್ತವರ್ಣ, ಅದಕ್ಕಿಂತ ಬಹಳ ತಡವಾಗಿ, ಸೆಪ್ಟೆಂಬರಿನ ಸುಮಾರಿಗೆ ಮಾಗುವದು. ಆ ಮರವು ತನ್ನ ಪರಾಗದಿಂದಲೇ ಕಾಯಿಕಟ್ಟಲಾರದು. ಸಾಂತಾ ರೋಸದಂಥ ಬೇರೊಂದು ಮರವು ಸಮೀಪದಲ್ಲಿರಬೇಕು. ಅದು ಮಾರಾಟಕ್ಕೆ ಬಂದದ್ದು 1929ರಲ್ಲಿ. ಅಷ್ಟರೊಳಗೆ ಬರ್ಬ್ಯಾಂಕನು ಸತ್ತು ಮೂರು ವರುಷಗಳಾಗಿದ್ದವು.

ಆತನಲ್ಲಿ ಕುಂದುಗಳಿದ್ದವು. ಯಾವುದನ್ನು ಯಾವುದರೊಂದಿಗೆ ಬೆರಸಿದನೆಂದು ಸರಿಯಾಗಿ ಬರೆದಿಡುತ್ತಿರಲಿಲ್ಲ. ಕಾರ್ನೆಗಿ ಸಂಸ್ಥೆಯು 1905ರಿಂದ ವರುಷಕ್ಕೆ 10,000 ಡಾಲರ್ ಸಹಾಯವನ್ನು ಕೊಟ್ಟು, ಕೆಲವು ವರುಷಗಳಲ್ಲಿ ನಿಲ್ಲಿಸಿಬಿಟ್ಟಿತು.

ಮತ್ತೊಂದು ಸಂಗತಿಯನ್ನು ಮುಚ್ಚಿಡುವದು ನಮಗೆ ಒಪ್ಪುವದಿಲ್ಲ. 1926ರ ಜನವರಿಯಲ್ಲಿ ಆತನು ತಾನು ಅವಿಶ್ವಾಸಿಯೆಂದು ವೃತ್ತಪತ್ರಿಕೆಯವರಿಗೆ ಹೇಳಿದನು. ಕ್ರೈಸ್ತರು ಅನೇಕರು ನೊಂದರು. ಕಾಗದಗಳು ರಾಶಿರಾಶಿಯಾಗಿ ಬಂದವು. ಆದರೂ ಸಾನ್ ಫ್ರಾನ್ಸಿಸ್ಕೋ ಪಟ್ಟಣದ ಒಂದು ಸಭೆಯವರು ಅದೇ ತಿಂಗಳಲ್ಲಿ ಆತನನ್ನು ತಮ್ಮ ದೇವಾಲಯದಲ್ಲಿ ಮಾತನಾಡಗೊಟ್ಟರು. ಆ ಸಭೆಯವರು ಮಾಡಿದ್ದು ನಮಗೆ ಸರಿಯಾಗಿ ತೋರುತ್ತದೆ. ಆತನ ಮತವನ್ನು ನಾವು ಅಂಗೀಕರಿಸುವದಿಲ್ಲ. ಆದರೆ ಸೂರ್ಯನನ್ನೂ ಮಳೆಯನ್ನೂ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಕಳುಹಿಸುವಾತನು ಆ ತೋಟಕ್ಕೆ ಅವುಗಳನ್ನು ತಡೆಯಲಿಲ್ಲವಲ್ಲಾ.

ಎಪ್ರಿಲ್ 11ರಂದು ಬರ್ಬ್ಯಾಂಕನು ತೀರಿಕೊಂಡನು. ಸಾಂತಾ ರೋಸದ ತನ್ನ ಮನೆಯ ಬಳಿ, ತಾನೇ ಬೆಳೆಸಿದ್ದ ಲೆಬನೋನಿನ ದೇವದಾರು ವೃಕ್ಷದ ಕೆಳಗೆ ಆತನನ್ನು ಹೂಳಿದರು. ರೋಗ ತಗಲಿದ ಆ ಮರವನ್ನು 1989ರಲ್ಲಿ ಕಡಿಯಬೇಕಾಯಿತು.