ಕೋಡಿಯ ಮಠದ ವಾಮಶಕ್ತಿ ಪಂಡಿತರು

ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ನೆಲವು ಹಿಂದೆ ಬನವಾಸಿ ನಾಡಿಗೆ ಸೇರಿದ್ದಿತು. ಆ ನಾಡಿನ ರಾಜಧಾನಿಯಾಗಿ ಮೆರೆದ ಬಳ್ಳಿಗಾವೆಯು ಈಗ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಕೆರೆಯ ಕೋಡಿಯ ಬಳಿ ದಕ್ಷಿಣ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಸೇರಿದ ಕಾಳಾಮುಖ ಶೈವರ ಮಠವು ಕೋಡಿಯ ಮಠವೆಂದು ಹೆಸರಾಗಿದ್ದಿತು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮಠದ ಹೊಣೆ ಹೊತ್ತವರು ವಾಮಶಕ್ತಿ ಪಂಡಿತರು.

ವಾಮಶಕ್ತಿಗಳು ಗೌತಮಾಚಾರ್ಯರ ಶಿಷ್ಯರು. ವ್ಯಾಕರಣ, ರಾಜನೀತಿ, ನಾಟ್ಯ, ಕಾವ್ಯ, ಶೈವಸಿದ್ಧಾಂತಗಳಲ್ಲಿ ಅವರಿಗಿದ್ದ ಪಾಂಡಿತ್ಯವನ್ನು ಶಾಸನಗಳು ಕೊಂಡಾಡುತ್ತವೆ. ಅವರು ರಾಜಗುರುವೆನಿಸಿದ್ದರು. ಆದರೆ ಅವರ ಹಿರಿಮೆಯು ಪಾಂಡಿತ್ಯವೊಂದರಿಂದಲೇ ಬಂದುದಲ್ಲ.

1162ರಲ್ಲಿ ಕಳಚುರಿ ದೊರೆ ಬಿಜ್ಜಳನು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ ಕೇದಾರೇಶ್ವರನಿಗೆ ದತ್ತಿಯನ್ನು ಬಿಟ್ಟನು. ಆ ಸಂದರ್ಭದ ಶಾಸನವು ಮಠದ ಚಿತ್ರವನ್ನು ನಮ್ಮ ಕಣ್ಣಮುಂದೆ ನಿಲ್ಲಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣಗಳ ಪಾಠ ನಡೆಯುತ್ತಿದ್ದಿತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿದ್ದಿತು. ನಾನಾ ರೋಗಗಳಿಂದ ನರಳುವವರಿಗೆ ಚಿಕಿತ್ಸೆಯೂ ಅಲ್ಲಿಯೇ ಲಭಿಸುತ್ತಿದ್ದಿತು.

ಅನ್ನ ಮತ್ತು ಔಷಧಗಳು ಹೀಗೆ ಒಂದೇ ಸೂರಿನಡಿ ಇದ್ದುದು ಅರ್ಥಪೂರ್ಣವಾಗಿದೆ. ಜಠರಾಗ್ನಿಯು ಮಂದವಾದರೆ ಅನೇಕ ರೋಗಗಳು ತಲೆದೋರುತ್ತವೆಂಬುದು ಆಯುರ್ವೇದದ ಮತ. ಆದುದರಿಂದಲೇ ಅದು ಔಷಧದಷ್ಟೇ ಪಥ್ಯಕ್ಕೂ ಪ್ರಾಧಾನ್ಯ ಕೊಡುತ್ತದೆ. ವಾಮಶಕ್ತಿಗಳ ಕಾಲದಲ್ಲಿಯೇ, 1180ರಲ್ಲಿ, ದೂರದ ಚೀನಾದಲ್ಲಿ ಲಿ ಗಾವ್ ಎಂಬ ವೈದ್ಯನು ಜನಿಸಿದನು. ಜಠರ ಮತ್ತು ಪ್ಲೀಹಗಳ ಶಕ್ತಿ ಕುಂದುವುದೇ ಬಹುತೇಕ ವ್ಯಾಧಿಗಳ ಮೂಲವೆಂದು ಅವನು ಮುಂದೆ ಪ್ರತಿಪಾದಿಸಿದನು. ಎರಡು ನಾಡುಗಳ ವೈದ್ಯರ ಆಲೋಚನೆಯಲ್ಲಿ ಇಂತಹ ಹೋಲಿಕೆಯಿದ್ದಿತು.

ವಾಮಶಕ್ತಿಗಳ ಕಾಲವು ನೆಮ್ಮದಿಯ ಕಾಲವಾಗಿರಲಿಲ್ಲ. ಚಾಲುಕ್ಯರ ಸಿಂಹಾಸನ ಕಳಚುರಿಗಳ ವಶವಾಯಿತು, ಕಳಚುರಿಗಳೂ ಅಳಿದರು, ಕೊನೆಗೆ ಹೊಯ್ಸಳ ವೀರಬಲ್ಲಾಳನ ಅಧಿಕಾರ ಬಂದಿತು. ದತ್ತಿ ನಿಂತರೆ ಮಠದ ಒಲೆ ಆರುವುದು. ಒಲೆ ಆರಿದರೆ ಹಸಿದವರಿಗೂ ರೋಗಿಗಳಿಗೂ ದಿಕ್ಕಿಲ್ಲ. ಆದರೆ ರಾಜ್ಯಗಳು ಬದಲಾದರೂ ಅರಸರ ಗೌರವ ವಾಮಶಕ್ತಿಗಳಿಗೆ ದೊರೆಯುತ್ತಲೇ ಇದ್ದಿತು. ಮಠಕ್ಕೆ ದತ್ತಿಗಳೂ ಬರುತ್ತಲೇ ಇದ್ದವು.

ಅಂದಿನ ಅರಮನೆಗಳು ಇಂದಿಲ್ಲ. ಹಸಿದವನಿಗೆ ಅನ್ನವನ್ನೂ ರೋಗಿಗೆ ಮದ್ದನ್ನೂ ನೀಡಿದ ಮಠದ ಕೀರ್ತಿಯು ಮಾತ್ರ ಬಳ್ಳಿಗಾವೆಯ ಕಲ್ಲಿನಲ್ಲಿ ಅಳಿಯದೆ ಉಳಿದಿದೆ.